ಮಾಪಕದ ಕೆಳಗಿನ ಅರವಟ್ಟಿಗೆ

ಮನೆಯೊಳಗಿನ ಬಿಸಿಯನ್ನು ಕಸದ ಹಾಗೆ ಗುಡಿಸಿ, ಬುಟ್ಟಿಗೆ ತುಂಬಿ, ದೂರ ಎಲ್ಲಾದರೂ ಚೆಲ್ಲಿ ಬರಲು ಆಗುವಂತಿದ್ದರೆ? ಅರಳಗಿರಿ ನಗರದವರು ಅದನ್ನು ಮಾಡಿಯೇಬಿಟ್ಟರು. ಬುಟ್ಟಿಯ ಬದಲು ಕೊಳವೆ, ಅಷ್ಟೇ.

ಕೃಷ್ಣೆಗೂ ಭೀಮೆಗೂ ನಡುವಿನ ಆ ನಗರದಲ್ಲಿ ಬೇಸಿಗೆ ಶಿವರಾತ್ರಿಗೇ ಬಂದು ಕೂತು, ದಸರೆಯವರೆಗೂ ಏಳದಂತಾದ ಕಾಲ ಅದು. ಮನೆಮನೆಗೂ ಎ.ಸಿ. ಹಾಕಿಸಿ ನೋಡಿದರು. ಒಂದು ಮನೆ ಹೊರಗೆ ದೂಡಿದ ಬಿಸಿ ಪಕ್ಕದ ಮನೆಯ ಕಿಟಕಿಗೆ ಬಡಿಯುತ್ತಿತ್ತು. ಆಮೇಲೆ ಶಾಖಹಾರಿ ಬಂತು. ಗೋಡೆಯೊಳಗೆ ಸಣ್ಣ ನಳಿಕೆಗಳ ಜಾಲ, ಅದರಲ್ಲಿ ಹರಿಯುವ ಹಾಲಿನ ಬಣ್ಣದ ದ್ರವ. ಬತ್ತಿ ಎಣ್ಣೆ ಹೀರುವಂತೆ ಅದು ಕೋಣೆಯ ಶಾಖ ಹೀರಿಕೊಂಡು, ರಸ್ತೆಯ ಕೆಳಗಿನ ದೊಡ್ಡ ಕೊಳವೆ ಸೇರಿ, ನಗರದ ಅಂಚಿಗೆ ಹೋಗುತ್ತಿತ್ತು. ಅಲ್ಲಿನ ಗೋಪುರಗಳಲ್ಲಿ ಶಾಖ ಬಿಟ್ಟು, ತಣ್ಣಗಾಗಿ, ಮತ್ತೆ ಮನೆಗಳಿಗೆ ಮರಳುತ್ತಿತ್ತು. ಕಾಗದದಲ್ಲಿ ಆ ಗೋಪುರಗಳಿಗೆ ಬೇರೆ ಹೆಸರಿತ್ತು. ಅವುಗಳ ಬುಡದಲ್ಲಿ ಬದುಕುವವರು ಕುಲುಮೆ ಎಂದರು.

ಕುಲುಮೆಗಳನ್ನು ಎಲ್ಲಿ ನಿಲ್ಲಿಸುವುದೆಂಬ ಪ್ರಶ್ನೆ ಬಂದಾಗ ಜಾಗ ಸಿಕ್ಕಿದ ಕಡೆ ನಿಲ್ಲಿಸಿದರು. ಕಸ ಸುರಿಯುವ ಬಯಲು, ಹಳೆಯ ಚರ್ಮದ ಮಂಡಿಯ ಹಿಂದಿನ ಓಣಿ, ಕಲ್ಲು ಒಡೆಯುವವರ ಕಲ್ಲುಕೊಳ್ಳ. ಉಳ್ಳವರಿದ್ದ ಮೇಲ್ಬಡಾವಣೆಯ ಕೆರೆ ಉದ್ಯಾನದಲ್ಲಿಯೂ ಒಂದನ್ನು ಕಟ್ಟಿದ್ದರು. ಉಳಿದವೆಲ್ಲ ನಿಂತರೆ ಮಾತ್ರ ಅದನ್ನು ತೆರೆಯಬೇಕೆಂದು ಕಾಯಿದೆಯಲ್ಲಿತ್ತು. ಒಮ್ಮೆಯೂ ತೆರೆದಿರಲಿಲ್ಲ. ಅದರ ಮೈತುಂಬ ಮಲ್ಲಿಗೆ ಬಳ್ಳಿ ಹಬ್ಬಿತ್ತು.

ಶಾಖವನ್ನು ಯಾವ ಕುಲುಮೆಗೆ ಎಷ್ಟು ಕಳಿಸಬೇಕೆಂಬುದನ್ನು ಮನುಷ್ಯರು ನಿರ್ಧರಿಸುತ್ತಿರಲಿಲ್ಲ. ಪ್ರತಿ ಕುಲುಮೆಯ ಹತ್ತಿರ ಗಾಳಿಯ ಬಿಸಿ ಅಳೆಯುವ ಒಂದು ಮಾಪಕ. ಎಲ್ಲಿ ಗಾಳಿ ತಂಪಾಗಿದೆಯೋ ಅಲ್ಲಿಗೆ ಹೆಚ್ಚು ಶಾಖ. ನಲವತ್ತಾರು ಡಿಗ್ರಿ ಮುಟ್ಟಿದ ಕಡೆ ಪೂರಾ ಬಂದ್. ತಾಳಿಕೊಳ್ಳಬಲ್ಲವರಿಗೆ ಹೆಚ್ಚು, ಆಗದವರಿಗೆ ಕಡಿಮೆ. ಕೇಳಿದವರಿಗೆಲ್ಲ ಇದು ನ್ಯಾಯವೆಂದೇ ತೋರಿತು.

ಕಲ್ಲುಕೊಳ್ಳಕ್ಕೆ ಕುಲುಮೆ ಬಂದ ಮೊದಲ ಚಳಿಗಾಲದಲ್ಲಿ ಯಾರೂ ಬೈಯಲಿಲ್ಲ. ಹುಲಿಗೆಮ್ಮನಂಥ ಹೆಂಗಸರಿಗೆ ಅದು ಅನುಕೂಲವೇ ಆಗಿತ್ತು. ಕ್ವಾರಿ ಮುಚ್ಚಿದ ಮೇಲೆ ಅವಳು ಖಾನಾವಳಿಗಳಿಗೆ ಜೋಳದ ಕಟಿ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು. ಕುಲುಮೆಯ ಜಾಲರಿಯ ಮುಂದೆ ಚಾಪೆ ಹಾಸಿ ರೊಟ್ಟಿ ಹರವಿದರೆ ಒಂದು ಗಳಿಗೆಯಲ್ಲಿ ಕಟಕಟ ಅನ್ನುತ್ತಿದ್ದವು. ಮೆಣಸಿನಕಾಯಿ ಒಣಗುತ್ತಿದ್ದವು. ಮುದುಕರು ಬೆನ್ನು ಕಾಯಿಸಿಕೊಳ್ಳುತ್ತಿದ್ದರು.

ಕುಲುಮೆಗೆ ಎಲ್ಲರಿಗಿಂತ ಹತ್ತಿರದ ಗುಡಿಸಲು ಅಂಬಣ್ಣನದು. ಕಲ್ಲಿನ ಧೂಳು ಕುಡಿದು ಕುಡಿದು ಅವನ ಎದೆ ಹಳೆಯ ತಿದಿಯ ಹಾಗೆ ಸುಯ್ಯುತ್ತಿತ್ತು. ಹೆಂಡತಿ ಹೋಗಿದ್ದಳು, ಮಕ್ಕಳಿರಲಿಲ್ಲ. "ಸಾಹೇಬರು ನನಗಂತ ಪುಕ್ಕಟೆ ಒಲಿ ಹೂಡಿ ಕೊಟ್ಟಾರ," ಎನ್ನುತ್ತಿದ್ದ. "ಇನ್ನ ಒಬ್ಬಾಕಿ ಅಡಗಿ ಮಾಡಾಕಿನ್ನ ಕೊಟ್ರ ಸಾಕು."

ಬೇಸಿಗೆ ಬಂದಾಗ ನಗೆ ನಿಂತಿತು. ಕೇರಿಗಿದ್ದ ಒಂದೇ ಬೇವಿನ ಮರ ಎಲೆಯುದುರಿಸಿತು, ಮತ್ತೆ ಚಿಗುರಲಿಲ್ಲ.

ಆ ಬೇವಿನ ಕೆಳಗೆ ಹುಲಿಗೆಮ್ಮನ ಅತ್ತೆಯ ಕಾಲದಿಂದ ಅರವಟ್ಟಿಗೆ ನಡೆಯುತ್ತಿತ್ತು. ಹೋಳಿ ಹುಣ್ಣಿಮೆ ಕಳೆದ ಮೇಲೆ ಮಣ್ಣಿನ ಕೊಡಗಳನ್ನಿಟ್ಟು ಹಾದಿಹೋಕರಿಗೆ ನೀರು ಕೊಡಲು ಕೂರುವುದು. ಮೊದಲ ಮಳೆ ಬಿದ್ದು ಹಾದಿ ತೋಯುವವರೆಗೆ ಏಳುವಂತಿಲ್ಲ. ಅತ್ತೆ ಸಾಯುವಾಗ ಹೊಲ ಕೊಡಲಿಲ್ಲ, ಬಂಗಾರ ಕೊಡಲಿಲ್ಲ, ಅವಳ ಬಳಿ ಅವು ಇರಲೂ ಇಲ್ಲ. ಕೊಡ ಕೊಟ್ಟು ಹೋದಳು.

ಮರ ಒಣಗಿದ ವರ್ಷ ಹುಲಿಗೆಮ್ಮ ನೆರಳು ಹುಡುಕಿದಳು. ಕೇರಿಯಲ್ಲಿ ನೆರಳೆಂದು ಉಳಿದದ್ದು ಮಾಪಕದ ಕಂಬದ ಕೆಳಗಿನ ಜಾಗ ಮಾತ್ರ. ಯಂತ್ರಕ್ಕೆ ಬಿಸಿಲು ತಾಗಬಾರದೆಂದು ಅದರ ಮೇಲೆ ತಗಡಿನ ಚಪ್ಪರ ಹಾಕಿದ್ದರು. ಅವಳು ಕೊಡಗಳನ್ನು ಅಲ್ಲಿಗೆ ತಂದಳು. ಬಿಸಿಗಾಳಿ ತಡೆಯಲು ಮೂರು ಕಡೆ ಗೋಣಿಚೀಲದ ಪರದೆ ಕಟ್ಟಿ, ಆಗಾಗ ನೀರು ಚಿಮುಕಿಸಿದಳು. ಒಳಗೆ ಕೂತರೆ ಮಣ್ಣಿನ ವಾಸನೆ, ಒದ್ದೆ ಗೋಣಿಯ ತಂಪು. ಅವಳ ತಲೆಯ ಮೇಲೆ, ಗಾಳಿಯಾಡಲು ಸೀಳು ಬಿಟ್ಟ ಬಿಳಿ ಡಬ್ಬಿಯೊಳಗೆ, ಮಾಪಕವೂ ಅದೇ ತಂಪಿನಲ್ಲಿ ಕೂತಿತ್ತು.

"ಅರಮನಿ ಮಾಡಿಕೊಂಡೀಯಲ್ಲ ತಂಗಿ," ಎಂದ ಅಂಬಣ್ಣ, ಚೊಂಬು ಒಡ್ಡುತ್ತ.

"ಹೂಂ, ರಾಣಿ ನಾನು. ನೀ ಕಾವಲಿಗೆ ನಿಂದ್ರು ಬಾ."

"ರೇಣವ್ವ ಹೆಂಗದಾಳ?"

"ದಿನ ತುಂಬ್ಯಾವ ಅಣ್ಣಾ. ಹ್ವಾದ ಸಲದ್ದು ಬಿಸಲಿಗೆ ಹೋತು. ಈ ಸಲನಾದ್ರೂ ಒಂದು ಕೂಸಿನ ಮಾರಿ ತೋರಸಲಿ ದೇವರು."

ಮಗಳು ರೇಣವ್ವ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಂದು ವಾರದಲ್ಲಿ ಹೆಣ್ಣುಕೂಸು ಹುಟ್ಟಿತು. ಅಂಗೈ ಮೇಲೆ ಮಲಗಿಸಬಹುದಾದಷ್ಟು ಸಣ್ಣದು, ಆದರೆ ಕೂಗು ಕೇರಿಗೆಲ್ಲ ಕೇಳಿಸುವಂಥದು. ಅಳುವ ಕೂಸು ಉಳಿಯುತ್ತದೆ ಎಂದುಕೊಂಡು ಹುಲಿಗೆಮ್ಮ ಆ ದಿನ ಅರವಟ್ಟಿಗೆಗೆ ಬಂದವರಿಗೆಲ್ಲ ನೀರಿನ ಜೊತೆ ಬೆಲ್ಲದ ಚೂರು ಕೊಟ್ಟಳು.

ನಗರದ ಇನ್ನೊಂದು ತುದಿಯಲ್ಲಿ, ಕಿಟಕಿಯಿಲ್ಲದ ತಂಪಾದ ಕೋಣೆಯಲ್ಲಿ, ನುಸ್ರತ್ ಕಂಪ್ಯೂಟರ್ ಪರದೆಗಳ ಮುಂದೆ ಕೂತಿದ್ದಳು. ಶಾಖಹಾರಿಯ ನಿಯಂತ್ರಣ ಕೊಠಡಿಯಲ್ಲಿ ಅವಳದು ಹಗಲು ಪಾಳಿ. ಯಂತ್ರ ತಾನೇ ನಡೆಯುತ್ತಿತ್ತು; ಅದು ತಪ್ಪಿದರೆ ಗಮನಿಸುವುದಷ್ಟೇ ಅವಳ ಕೆಲಸ. ಯಂತ್ರ ತಪ್ಪಿರಲಿಲ್ಲ. ಆದರೂ ಒಂದು ಅಂಕಿ ಅವಳ ಕಣ್ಣಿಗೆ ಕಸವಾಗಿತ್ತು.

"ಸರ್, ಕಲ್ಲುಕೊಳ್ಳದ್ದು ಸ್ವಲ್ಪ ನೋಡ್ರಿ. ನಾವು ಬಿಸಿ ಕಳಿಸಿದಷ್ಟೂ ಅಲ್ಲಿ ಡಿಗ್ರಿ ಇಳೀಲಿಕ್ಕತ್ತದ."

ಮೇಲಧಿಕಾರಿ ಗುಂಡೇರಾವ್ ಕನ್ನಡಕವನ್ನು ಹಣೆಗೇರಿಸಿ ಬಂದು ನಿಂತರು. ಒಳ್ಳೆಯ ಮನುಷ್ಯ, ರಂಜಾನಿನಲ್ಲಿ ಅವಳ ಪಾಳಿ ತಾವೇ ಬದಲಿಸಿಕೊಡುತ್ತಿದ್ದವರು. "ಇಳೀಲಿ ಬಿಡಮ್ಮ. ಏರಿದ್ರ ಚಿಂತಿ ಮಾಡೋಣು."

"ಉಳಿದ ಕಡಿ ಎಲ್ಲಾ ನಲವತ್ತೈದು ಅದ. ಅಲ್ಲಷ್ಟ ಮೂವತ್ತೆಂಟು. ಹೆಂಗ ಸರ್?"

"ಹಳೇ ಕ್ವಾರಿ ಅದ ಅಲ್ಲಿ. ತಗ್ಗಿನಾಗ ನೀರು ನಿಂತಿರ್ತದ. ತಂಪು ಇರ್ತದ."

"ಆ ನೀರು ಬತ್ತಿ ಯಾವ ಕಾಲಾತು."

"ನೀ ಹೋಗಿ ನೋಡಿಯೇನು?"

ನೋಡಿರಲಿಲ್ಲ. ಪರದೆಯ ಮೇಲೆ ಕಲ್ಲುಕೊಳ್ಳದತ್ತ ಹರಿಯುವ ಕೆಂಪು ಗೆರೆ ಮತ್ತಷ್ಟು ದಪ್ಪವಾಯಿತು. ಮೇಲ್ಬಡಾವಣೆಯ ಹೊಸ ಭಾಗದಲ್ಲಿ ಅವಳ ಮನೆ. ಅಲ್ಲಿ ಅವಳ ಅಬ್ಬಾ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ. ಕೋಣೆ ತಂಪಾಗಿದ್ದರೆ ಮಾತ್ರ ಬದುಕು ಎಂದು ಡಾಕ್ಟರು ಹೇಳಿದ್ದರು. ಆ ಕೆಂಪು ಗೆರೆಯೊಳಗೆ ಅಬ್ಬಾನ ಕೋಣೆಯ ಬಿಸಿಯೂ ಒಂದು ಹನಿಯಷ್ಟು ಇತ್ತು. ಅದು ಅವಳಿಗೆ ಗೊತ್ತಿತ್ತು.

ಕಲ್ಲುಕೊಳ್ಳದಲ್ಲಿ ಕುಲುಮೆಯ ಸದ್ದು ಬದಲಾಯಿತು. ಮೊದಲು ಗುಂಯ್‌ಗುಟ್ಟುತ್ತಿದ್ದುದು ಈಗ ದಮ್ಮು ಕಟ್ಟಿ ಊದಿದಂತೆ ಕೇಳುತ್ತಿತ್ತು. ಗೂಡಿನಲ್ಲಿದ್ದ ಕೋಳಿಗಳು ಸತ್ತವು. ಚಪ್ಪಲಿಯ ರಬ್ಬರು ಮೆತ್ತಗಾಗಿ ನೆಲಕ್ಕೆ ಅಂಟುತ್ತಿತ್ತು. ಒಂದು ಮಧ್ಯಾಹ್ನ ನೀರಿಗೆ ಹೋಗಿದ್ದ ಬಸಲಿಂಗಮ್ಮ ಕೊಡದ ಮೇಲೆಯೇ ಬಿದ್ದಳು, ಏಳಲಿಲ್ಲ. ಆಮೇಲೆ ಅವಳ ಗಂಡ. ಹೂಳಲು ಹೋದವರು ಗುದ್ದಲಿಯ ಹಿಡಿಗೆ ಬಟ್ಟೆ ಸುತ್ತಿಕೊಂಡು ಅಗೆದರು.

ಬಿಸಿಲು ಏರಿದಷ್ಟೂ ಅರವಟ್ಟಿಗೆಗೆ ಬರುವವರು ಹೆಚ್ಚಿದರು. ಹುಲಿಗೆಮ್ಮ ಇನ್ನೆರಡು ಕೊಡ ಇಟ್ಟಳು. ಪರದೆಗೆ ಇನ್ನೊಂದು ಪದರ ಗೋಣಿ ಹಾಕಿದಳು. ಕೇರಿಯವರೂ ಹಿಂದೆ ಬೀಳಲಿಲ್ಲ. ಯಾರು ಎಲ್ಲಿಂದ ನೀರು ತಂದರೂ ಮೊದಲ ಬಿಂದಿಗೆ ಅರವಟ್ಟಿಗೆಗೆ. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ನಡೆದು ಬಂದಿತ್ತು. ಮಕ್ಕಳನ್ನೂ ಮುದುಕರನ್ನೂ ಹಗಲೆಲ್ಲ ಆ ಪರದೆಯ ನೆರಳಲ್ಲಿ ಕೂರಿಸುತ್ತಿದ್ದರು. ಆ ಒಂದು ಚಪ್ಪರದಲ್ಲಿ ಮಾತ್ರ ಉಸಿರಾಡಲು ಆಗುತ್ತಿತ್ತು.

ಬಾಣಂತಿಯನ್ನು ಹೊರಗೆ ತರುವಂತಿರಲಿಲ್ಲ. ರೇಣವ್ವ ಕಿವಿಗೆ ಬಟ್ಟೆ ಕಟ್ಟಿಕೊಂಡು ತಗಡಿನ ಮನೆಯೊಳಗೇ ಇದ್ದಳು. ಕೆಲವು ದಿನ ನೋಡಿ ಹುಲಿಗೆಮ್ಮ ಆ ಬಟ್ಟೆ ಬಿಚ್ಚಿ ಎಸೆದಳು. "ಸಂಪ್ರದಾಯ ಆಮ್ಯಾಲೆ. ಮೊದಲು ಜೀವ," ಎಂದಳು. ಮಗಳ ಸೀರೆಯನ್ನೇ ಒದ್ದೆ ಮಾಡಿ ಹೊದಿಸಿದಳು. ಕೂಸು ಮೊದಲಿನಂತೆ ಕೂಗುತ್ತಿರಲಿಲ್ಲ. ಬೆಕ್ಕಿನ ಮರಿಯ ಹಾಗೆ ಕುಂಯ್ ಎಂದು ಬಾಯಿ ಮುಚ್ಚುತ್ತಿತ್ತು.

ನುಸ್ರತ್ ರಜೆ ಹಾಕಿ ಬಂದದ್ದು ಅಂಥ ಒಂದು ದಿನ. ಆಟೋದವನು ಕೇರಿಯ ಬಾಯಿಗೇ ನಿಲ್ಲಿಸಿದ. "ಒಳಗ ಬರಂಗಿಲ್ರಿ ಮೇಡಂ, ಟೈರ್ ಒಡೀತಾವ." ಅವಳು ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡು ನಡೆದಳು. ಬಿಸಿಗಾಳಿ ಎದುರಿಂದ ಕೈ ಇಟ್ಟು ದೂಡಿದಂತೆ ಬಡಿಯಿತು. ಮೂವತ್ತೆಂಟು ಡಿಗ್ರಿ ಇದಲ್ಲ ಎಂಬುದು ನಾಲ್ಕು ಹೆಜ್ಜೆಗೇ ಅವಳಿಗೆ ತಿಳಿಯಿತು. ಕಣ್ಣಿಗೆ ಕತ್ತಲೆ ಬರುವಷ್ಟರಲ್ಲಿ ಯಾರೋ ಅವಳ ರಟ್ಟೆ ಹಿಡಿದು ಪರದೆಯೊಳಗೆ ಎಳೆದರು.

"ಕುಂದ್ರವಾ, ಕುಂದ್ರು. ಗಟಗಟ ಕುಡೀಬ್ಯಾಡ. ಸಾವಕಾಶ."

ತಣ್ಣನೆಯ ನೀರು. ನುಸ್ರತ್ ಕುಡಿದಳು. ಉಸಿರು ಮರಳಿದ ಮೇಲೆ ತಲೆಯೆತ್ತಿ ನೋಡಿದಳು. ಅವಳ ಮುಖದಿಂದ ಒಂದು ಮೊಳ ಮೇಲೆ ಬಿಳಿ ಡಬ್ಬಿ. ಅದರ ಸೀಳುಗಳ ಹೊರಗೆ ಒದ್ದೆ ಗೋಣಿ ತೊಟ್ಟಿಕ್ಕುತ್ತಿತ್ತು. ಡಬ್ಬಿಯ ಗಾಜಿನ ಕಿಂಡಿಯಲ್ಲಿ ಹಸಿರು ಅಂಕಿ: ಮೂವತ್ತೇಳು.

ಅವಳು ಖಾಲಿ ಚೊಂಬು ಹಿಡಿದು ಅಂಕಿಯಿಂದ ಗೋಣಿಗೆ, ಗೋಣಿಯಿಂದ ಕೊಡಕ್ಕೆ ಕಣ್ಣು ಹಾಯಿಸಿದಳು.

"ಯಾಕವಾ, ಇನ್ನಷ್ಟು ಬೇಕೇನು?" ಎಂದಳು ಹುಲಿಗೆಮ್ಮ.

"ಬ್ಯಾಡ ಅಮ್ಮಾ. ಇದನ್ನ... ಈ ಕೊಡ, ಈ ಗೋಣಿ, ಇಲ್ಲಿಂದ ತೆಗೀರಿ."

ಪರದೆಯೊಳಗೆ ಕೂತವರೆಲ್ಲ ಅವಳನ್ನೇ ನೋಡಿದರು.

"ನೀರು ಕುಡದು ಕೊಡ ತೆಗಿ ಅಂತೀಯಲ್ಲ, ಯಾರ ಮನಿಯಾಕಿ ನೀನು?" ಎಂದ ಅಂಬಣ್ಣ.

ನುಸ್ರತ್ ಹೇಳಿದಳು. ತಡವರಿಸುತ್ತ, ಎರಡೆರಡು ಸಲ ಹೇಳಿದಳು. ಈ ಡಬ್ಬಿ ಎಷ್ಟು ತಂಪು ಎನ್ನುತ್ತದೋ ಅಷ್ಟು ಬಿಸಿಯನ್ನು ಯಂತ್ರ ಇಲ್ಲಿಗೆ ಕಳಿಸುತ್ತದೆ. ಇಲ್ಲಿನ ಗಾಳಿ ನಿಮ್ಮನ್ನು ಸುಡುತ್ತಿದೆ ಎಂದು ಅದಕ್ಕೆ ತಿಳಿದಿಲ್ಲ, ಅದು ನಿಮ್ಮ ಕೊಡದ ತಂಪನ್ನು ಮಾತ್ರ ಕಂಡಿದೆ. ಮೇಲ್ಬಡಾವಣೆಯ ಮನೆಗಳ ಮಾಪಕಗಳು ಗಾಳಿಯ ತೇವವನ್ನೂ ಅಳೆದು ಮೈಗೆ ತಾಗುವ ಬಿಸಿಯನ್ನು ಲೆಕ್ಕ ಹಾಕುತ್ತವೆ, ಅವಕ್ಕೆ ಹೀಗೆ ಮೋಸವಾಗದು. ಕುಲುಮೆಗಳ ಬಳಿ ಇಟ್ಟವುಗಳಿಗೆ ಆ ಭಾಗ ಕೂಡಿಸಿಲ್ಲ.

ಹುಲಿಗೆಮ್ಮ ಡಬ್ಬಿಯನ್ನು ನೋಡಿದಳು. ಕುಲುಮೆಯನ್ನು ನೋಡಿದಳು. ತಿಳಿಯದವಳಂತೆ ಮತ್ತೊಮ್ಮೆ ಕೇಳಿದಳು, ಆದರೆ ತಿಳಿದಿತ್ತು.

"ಬಸಲಿಂಗಮ್ಮಗ ನಾನ ನೀರು ಕೊಟ್ಟು ಕಳಿಸಿದ್ದೆ," ಎಂದಳು.

ಅವಳೇ ಎದ್ದು ಗೋಣಿ ಬಿಚ್ಚಿದಳು. ಅಂಬಣ್ಣ ಕೊಡಗಳನ್ನು ಒಂದೊಂದಾಗಿ ದೂರ ಸರಿಸಿದ. ಮಳೆ ಬರುವ ಮೊದಲು ಅರವಟ್ಟಿಗೆ ಎದ್ದದ್ದು ಆ ಮನೆತನದಲ್ಲಿ ಅದೇ ಮೊದಲು. ಹಸಿರು ಅಂಕಿ ಏರತೊಡಗಿತು. ನಲವತ್ತು, ನಲವತ್ಮೂರು, ನಲವತ್ತಾರು. ಅಲ್ಲಿ ಬಣ್ಣ ಕೆಂಪಾಯಿತು. ಐವತ್ತೊಂದಕ್ಕೆ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಕುಲುಮೆಯ ಊದು ಸಣ್ಣದಾಗಿ, ಕೆಮ್ಮಿ, ನಿಂತುಹೋಯಿತು. ಕಲ್ಲುಕೊಳ್ಳದ ಜನ ಮರೆತೇಬಿಟ್ಟಿದ್ದ ಒಂದು ಮೌನ ಕೇಳಿಸಿತು. ಸಂಜೆಗೆ ಕೂಸು ಗಟ್ಟಿಯಾಗಿ ಅತ್ತಿತು.

ಉಳಿದ ಕುಲುಮೆಗಳು ಮೊದಲೇ ಮಿತಿಯ ಅಂಚಿನಲ್ಲಿದ್ದವು. ಕಲ್ಲುಕೊಳ್ಳದ ಶಾಖವನ್ನೂ ಹೊತ್ತುಕೊಂಡು ಅವು ಮರುದಿನ ಒಂದರ ಹಿಂದೊಂದು ನಿಂತವು. ಯಂತ್ರ ಕಾಯಿದೆಯಂತೆ ನಡೆಯಿತು: ಕೆರೆ ಉದ್ಯಾನದ ಕುಲುಮೆಯನ್ನು ತೆರೆಯಿತು. ಒಂದೇ ಕುಲುಮೆ ಇಡೀ ನಗರದ ಶಾಖ ಹೊರಲಾರದೆ ಮನೆಗಳ ಒಳಗೂ ಬಿಸಿ ಉಳಿಯಿತು. ಮಲ್ಲಿಗೆ ಬಳ್ಳಿ ಮಧ್ಯಾಹ್ನದೊಳಗೆ ಸುಟ್ಟ ಕೂದಲಿನಂತಾಯಿತು. ಕೆರೆಯ ಬಾತುಗಳು ದಡಕ್ಕೆ ಬಂದು ಬಾಯಿ ತೆರೆದು ಕೂತವು. ನಿಯಂತ್ರಣ ಕೊಠಡಿಯ ಫೋನುಗಳು ಬಿಡದೆ ಬಡಿದವು. ಮೇಲ್ಬಡಾವಣೆಯಲ್ಲಿ ಗಾಳಿ ನಲವತ್ತೆರಡು ಮುಟ್ಟಿದೆಯಂತೆ, ಮಕ್ಕಳು ಅಳುತ್ತಿದ್ದಾರಂತೆ, ಇದು ಕೊಲೆಯಂತೆ.

"ನೀ ಮಾಡಿದ್ದು ತಪ್ಪಂತ ನಾ ಅನ್ನಂಗಿಲ್ಲ," ಎಂದರು ಗುಂಡೇರಾವ್. ಅವರ ಅಂಗಿ ಬೆವರಿಗೆ ಅಂಟಿತ್ತು. ಆ ಕೋಣೆಯಲ್ಲಿ ಅದೇ ಮೊದಲು. "ಆದ್ರ ಮ್ಯಾಲಿನವರು ದಾರಿ ಕೇಳ್ಯಾರ."

"ತೇವ ಅಳಿಯೋ ಭಾಗ ಕೂಡಿಸ್ರಿ ಸರ್. ಅದ ದಾರಿ."

"ಅದನ್ನ ಕೂಡಿಸಿದ್ರ ಎಲ್ಲಾ ಕಡಿ ಲೆಕ್ಕ ನಲವತ್ತಾರು ದಾಟ್ತದ, ಹೋಳಿಯಿಂದ ಮಳಿಗಾಲದ ತನಕ ಒಂದು ಕುಲುಮಿನೂ ನಡಿಯಂಗಿಲ್ಲ. ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ಕೂಡಿಸದೇ ಬಿಟ್ಟದ್ದು ಮರೆವಿನಿಂದಲ್ಲ ಎಂಬುದು ಮಾತ್ರ ಆವರೆಗೆ ಹೊಳೆದಿರಲಿಲ್ಲ.

ಗುಂಡೇರಾವ್ ದಾರಿ ಹೇಳಿದರು. ಕಲ್ಲುಕೊಳ್ಳದ ಜನರಿಗೆ ನೀರಿಲ್ಲ, ಪಾಪ. ಅವರಿಗೆ ದಿನಾ ಟ್ಯಾಂಕರ್ ಕಳಿಸೋಣ. ಹೊಸ ಕೊಡ ಕೊಡೋಣ. ಅವರ ಅರವಟ್ಟಿಗೆಯನ್ನು ಅವರು ಎಲ್ಲಿ ನಡೆಸುತ್ತಿದ್ದರೋ ಅಲ್ಲಿಯೇ ನಡೆಸಲಿ. ಬೇರೆ ಕಡೆ ಇಟ್ಟರೆ ಟ್ಯಾಂಕರ್ ಇಲ್ಲ. "ಯಾರೂ ಮಾಪಕ ಮುಟ್ಟಂಗಿಲ್ಲ, ಯಾರೂ ಸುಳ್ಳು ಬರಿಯಂಗಿಲ್ಲ. ಪುಣ್ಯದ ಕೆಲಸ ನೋಡು," ಎನ್ನುವಾಗ ಅವರು ಅವಳ ಮುಖ ನೋಡಲಿಲ್ಲ.

ನುಸ್ರತಳ ಫೋನು ನಡುಗಿತು. ಮನೆಯಿಂದ. ಅಬ್ಬಾಗೆ ಉಸಿರು ಕಟ್ಟುತ್ತಿದೆ, ಕೋಣೆ ಕಾದಿದೆ, ಏನು ಮಾಡಲಿ ಎಂದು ತಮ್ಮ ಕೇಳುತ್ತಿದ್ದ. ಅವಳು ಪರದೆಗಳ ಮುಂದೆ ಕೂತು, ಗುಂಡೇರಾವ್ ತೋರಿದ ಕಡೆ ಬೆರಳಿಟ್ಟು ಟ್ಯಾಂಕರಿನ ಆದೇಶಕ್ಕೆ ಒಪ್ಪಿಗೆ ಕೊಟ್ಟಳು.

ಕೇರಿಯವರಿಗೆ ನೀರು ಸಿಗುತ್ತಿದ್ದ ಕಡೆಗಳೆಲ್ಲ ಅಷ್ಟರಲ್ಲಿ ಬತ್ತಿದ್ದವು. ಟ್ಯಾಂಕರ್ ಬಂದಾಗ ಕಲ್ಲುಕೊಳ್ಳದವರು ಓಡಿ ಬಂದರು. ಜೊತೆಗೆ ಬಂದ ಇಬ್ಬರು ಸಾಲಾಗಿ ಹೊಸ ಕೊಡಗಳನ್ನು ಇಳಿಸಿ, ಮಾಪಕದ ಕಂಬ ತೋರಿಸಿದರು. ಕೊಡ ಅಲ್ಲಿಟ್ಟರೆ ಪೈಪು ಬಿಡುತ್ತೇವೆ ಎಂದರು. ಅವರಿಗೂ ಕಾರಣ ಗೊತ್ತಿರಲಿಲ್ಲ.

"ಇಡೂದಿಲ್ಲ," ಎಂದಳು ಹುಲಿಗೆಮ್ಮ.

"ಇಡೂದಿಲ್ಲಂದ್ರ? ನಿಮ್ಮಪ್ಪನ ನೀರೇನು?" ಎಂದು ಹಿಂದಿನಿಂದ ಒಬ್ಬಳು ಕಿರುಚಿದಳು. "ನಮ್ಮ ಮಕ್ಕಳು ಮಣ್ಣು ನೆಕ್ಕಾಕತ್ಯಾವ!"

"ಕೇಳ್ರಬೇ. ಕೊಡ ಅಲ್ಲಿಟ್ರ ಕುಲುಮಿ ಹೊತ್ತತೈತಿ. ಆ ಹುಡುಗಿ ಹೇಳಿದ್ದು ನೀವೂ ಕೇಳೀರಿ."

"ಕುಲುಮಿ ನಾಳಿ ಕೊಲ್ಲತೈತಿ. ನೀರಡಿಕಿ ಇವತ್ತ ಕೊಲ್ಲತೈತಿ. ಯಾವುದು ಬೇಕು ನೀನ ಹೇಳು."

ಹುಲಿಗೆಮ್ಮ ಕೊಡಗಳಿಗೆ ಅಡ್ಡ ನಿಂತಳು. ಅರವಟ್ಟಿಗೆಯ ಕೊಡ ಅವಳನ್ನು ಬಿಟ್ಟು ಬೇರೆಯವರು ಇಟ್ಟದ್ದಿಲ್ಲ, ಆ ಮರ್ಯಾದೆಗೆ ಜನ ಮುಂದೆ ಬರಲಿಲ್ಲ. ಟ್ಯಾಂಕರ್ ಎಂಜಿನ್ ಆರಿಸಿ ಕಾಯಿತು, ಕಾದು ತಿರುಗಿತು. ತುಂಬಿದ ಹೊಟ್ಟೆಯೊಳಗೆ ನೀರು ಕುಲುಕುವ ಸದ್ದು ತಿರುವಿನವರೆಗೂ ಕೇಳಿತು.

ಮನೆಗೆ ಬಂದಾಗ ರೇಣವ್ವ ಗೋಡೆಗೆ ಒರಗಿದ್ದಳು. "ಯವ್ವಾ, ಎದಿಯಾಗ ಹನಿ ಇಲ್ಲ," ಎಂದಳು. ತುಟಿ ಒಡೆದು ಮಾತು ಸೀಳಿ ಬಂತು. ಹುಲಿಗೆಮ್ಮ ಕೂಸಿನ ತಲೆ ಸವರಿದಳು. ನೆತ್ತಿಯ ಮೆತ್ತನೆಯ ಜಾಗ ಒಳಕ್ಕೆ ಕುಸಿದು ಬೆರಳು ಇಳಿಯುವಂತಿತ್ತು. ಮನೆಯಲ್ಲಿದ್ದ ಕೊನೆಯ ನೀರಿನಲ್ಲಿ ಬಟ್ಟೆಯ ತುದಿ ಅದ್ದಿ ಬಾಯಿಗಿಟ್ಟಳು. ಕೂಸು ಚೀಪಲಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಂಕರ್ ಮತ್ತೆ ಬಂದಾಗ ಅವಳು ತನ್ನ ಅತ್ತೆಯ ಕೊಡವನ್ನೇ ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದಳು. ಕೇರಿಯವರು ದಾರಿ ಬಿಟ್ಟು ನಿಂತರು. ಅವಳು ಯಾರನ್ನೂ ನೋಡಲಿಲ್ಲ. ಮಾಪಕದ ಕೆಳಗೆ ಸಿಂಬಿ ಇಟ್ಟು, ಅದರ ಮೇಲೆ ಕೊಡ ಇಟ್ಟಳು. ಹೊಸ ಕೊಡಗಳನ್ನು ಸಾಲಿಗೆ ಜೋಡಿಸಿದಳು. ಗೋಣಿಗಳನ್ನು ಕಟ್ಟಿದಳು. ಪೈಪು ಬಿಟ್ಟರು. ಮೊದಲ ಚೊಂಬು ತುಂಬಿಕೊಂಡು ಮನೆಗೆ ಓಡಿ, ಮಗಳ ತಲೆ ಎತ್ತಿ ಹಿಡಿದು ಕುಡಿಸಿದಳು. ಇನ್ನೊಂದು ಚೊಂಬು. ಮೂರನೆಯದಕ್ಕೆ ರೇಣವ್ವನ ಕಣ್ಣಲ್ಲಿ ನೀರಾಡಿತು. ಕೂಸಿನ ತುಟಿಗೆ ಹಿಂಡಿದ ಹನಿಗಳನ್ನು ಕೂಸು ಮೊದಲು ಉಗುಳಿತು, ಆಮೇಲೆ ನುಂಗಿತು.

ಅವಳು ಮರಳಿ ಬಂದು ತನ್ನ ಜಾಗದಲ್ಲಿ ಕೂತಳು. ಸಾಲು ಉದ್ದವಿತ್ತು. ನಿನ್ನೆ ಕಿರುಚಿದವಳು ಮುಖ ತಗ್ಗಿಸಿ ಚೊಂಬು ಒಡ್ಡಿದಳು. ಹುಲಿಗೆಮ್ಮ ತುಂಬಿಸಿದಳು. ಒದ್ದೆ ಗೋಣಿಯ ತಂಪು ಇಳಿಯುತ್ತಿದ್ದಂತೆ ಆಚೆ ಕುಲುಮೆ ಒಮ್ಮೆ ಕೆಮ್ಮಿ, ಮೆಲ್ಲಗೆ ಊದತೊಡಗಿತು. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಯಾರೂ ತಿರುಗಿ ನೋಡಲಿಲ್ಲ.

ಕೊನೆಗೆ ಅಂಬಣ್ಣ ಬಂದ. ಕೋಲೂರಿ, ಎರಡು ಕಡೆ ನಿಂತು ದಮ್ಮು ತೆಗೆದುಕೊಂಡು ಬಂದ.

"ಅಣ್ಣಾ, ನೀ ಇವತ್ತ ಆ ಗುಡಿಸಲಕ್ಕ ಹೋಗಬ್ಯಾಡ. ನಮ್ಮ ಮನ್ಯಾಗ ಬಂದು ಇರು."

"ನಿಮ್ಮ ಮನ್ಯಾಗ ಬಾಣಂತಿ ಕಾಲು ಚಾಚಾಕ ಜಾಗಿಲ್ಲ. ನಾ ಎಲ್ಲಿ ಬೀಳ್ಲಿ? ನೆತ್ತಿ ಮ್ಯಾಲೇನು?"

"ಈ ಪರದ್ಯಾಗರ ಕುಂದ್ರು."

"ಇಲ್ಲಿ ಹುಡುಗರು ಕುಂದರತಾವ." ಅವನು ಪರದೆಯೊಳಗೆ ಒತ್ತಾಗಿ ಕೂತ ಮಕ್ಕಳನ್ನು ನೋಡಿದ. ಇನ್ನೊಬ್ಬರಿಗೆ ನಿಜಕ್ಕೂ ಜಾಗವಿರಲಿಲ್ಲ. "ಕೂಸು ಬಾಯಿ ತಗೀತೇನು?"

"ನುಂಗಿತು ಅಣ್ಣಾ."

"ಆತಲ್ಲ."

ಅವನು ಬೊಗಸೆ ಒಡ್ಡಿದ. ಅವಳು ಎತ್ತರದಿಂದ ಸಣ್ಣ ಧಾರೆಯಾಗಿ ಹೊಯ್ದಳು. ಅವನು ನಿಧಾನವಾಗಿ, ಸಾಕೆನಿಸುವವರೆಗೆ ಕುಡಿದು, ಒದ್ದೆ ಕೈಯನ್ನು ಮುಖಕ್ಕೆ ಸವರಿಕೊಂಡ.

"ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ," ಎಂದ.

ಕೋಲೂರಿಕೊಂಡು ಕುಲುಮೆಯ ಕಡೆಗೆ, ತನ್ನ ಗುಡಿಸಲಿಗೆ ಹೊರಟ. ಅವನು ಒಳಗೆ ಹೋಗಿ ತಟ್ಟಿಯ ಬಾಗಿಲು ಎಳೆದುಕೊಳ್ಳುವುದು ಅವಳಿಗೆ ಕೂತಲ್ಲಿಂದಲೇ ಕಂಡಿತು. ಅಷ್ಟರಲ್ಲಿ ಗೋಣಿ ಒಣಗುತ್ತ ಬಂದಿತ್ತು. ಅವಳು ಕೊಡದೊಳಗೆ ಕೈ ಅದ್ದಿ ಅದರ ಮೇಲೆ ನೀರು ಚಿಮುಕಿಸಿದಳು.